ಮೊಟಕು ಬರಹ ಮತ್ತು ತಿದ್ದುವ ಚಟ

ಬಸ್ಸು, ರೈಲು, ಮೆಟ್ರೋಗಳ ಬಗ್ಗೆ ಮಾತಾಡುವವರು ಎಲ್ಲಿ ಸೇರಿದರೂ ಒಂದು ಜಗಳ ತಪ್ಪಿದ್ದಲ್ಲ. ಯಾರೋ ಒಬ್ಬರು ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತು ಬೇಸತ್ತು ಮೊಬೈಲಿನಲ್ಲಿ ನಾಲ್ಕು ಸಾಲು ಗೀಚುತ್ತಾರೆ. ಬಸ್ಸು ಬರಲೇ ಇಲ್ಲ, ಬಂದದ್ದು ನಿಲ್ಲಲಿಲ್ಲ, ಇದನ್ನು ಯಾರಿಗೆ ಹೇಳುವುದು. ಭಾಷೆ ಕನ್ನಡ, ಅಕ್ಷರ ಇಂಗ್ಲಿಷು. ಅರ್ಧರ್ಧ ಪದಗಳು, ಪೂರ್ಣವಿರಾಮದ ಸುಳಿವಿಲ್ಲ. ಬರುವ ಮೊದಲ ಉತ್ತರದಲ್ಲಿ ಬಸ್ಸಿನ ಮಾತೇ ಇರುವುದಿಲ್ಲ. "ಮೊದಲು ನೆಟ್ಟಗೆ ಬರೆಯೋದು ಕಲೀರಿ ಸ್ವಾಮಿ." ಅಲ್ಲಿಂದಾಚೆ ಭಾಷೆಯ ಮೇಲೆ ಜಟಾಪಟಿ. ಬಸ್ಸು ನಿಲ್ಲಿಸದೆ ಹೋದವನು ಸಲೀಸಾಗಿ ಪಾರಾದ.

ಹೀಗೆ ತಿದ್ದುವವರು ತಾವು ವ್ಯಾಕರಣದ ಪರ ನಿಂತಿದ್ದೇವೆ ಎಂದು ನಂಬಿರುತ್ತಾರೆ. ಆದರೆ ಬೈಗುಳ ತಿನ್ನುವ ಬರಹದಲ್ಲಿ ವ್ಯಾಕರಣದ ತಪ್ಪು ಸಿಗುವುದು ಅಪರೂಪ. ಮನೆಮಾತು ಕನ್ನಡವಾದ ಯಾರೂ "ಬಸ್ಸು ಬಂದಳು" ಎನ್ನುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದವರೂ ವಿಭಕ್ತಿಯಲ್ಲಿ ಎಡವುವುದಿಲ್ಲ. ಇಂಗ್ಲಿಷಿನಲ್ಲಿ 'ಯೂ' ಎನ್ನಲು ಮೂರರ ಬದಲು ಒಂದೇ ಅಕ್ಷರ ಒತ್ತಿದರೆ ಆ ಭಾಷೆಯ ವಾಕ್ಯರಚನೆ ಕೂದಲಷ್ಟೂ ಕೊಂಕುವುದಿಲ್ಲ. ತಪ್ಪೆಂದು ತೋರಿಸುವುದೆಲ್ಲ ಸಾಮಾನ್ಯವಾಗಿ ಮೂರರಲ್ಲಿ ಒಂದು: ಕಾಗುಣಿತ, ಊರಿನ ಆಡುಮಾತು ಅಥವಾ ಮೊಟಕು. ಮೊದಲನೆಯದು ಸಿಕ್ಕ ಶಾಲೆಯನ್ನು ಹೇಳುತ್ತದೆ, ಎರಡನೆಯದು ಹುಟ್ಟಿದ ನೆಲವನ್ನು, ಮೂರನೆಯದು ಬೆರಳಿನ ಅವಸರವನ್ನು. ಮೂರಕ್ಕೂ ಒಂದೇ ಕೋಲು ಬೀಸುವುದು ನ್ಯಾಯವಲ್ಲ.

ಮೊಟಕನ್ನೇ ಮೊದಲು ನೋಡೋಣ. ರೈಲು ಪ್ರಿಯರು ಮೊಟಕಿನ ಮೇಲೆ ಸಿಟ್ಟಾಗುವುದು ನನಗೆ ಸದಾ ಸೋಜಿಗ. ಅವರ ಲೋಕ ನಿಂತಿರುವುದೇ ಅದರ ಮೇಲೆ. ಪಿಎನ್‌ಆರ್, ಆರ್‌ಎಸಿ, ಡಬ್ಲ್ಯುಎಲ್ ಇಲ್ಲದೆ ಟಿಕೆಟ್ಟಿಲ್ಲ. ಬೆಂಗಳೂರು ಸಿಟಿ ನಿಲ್ದಾಣಕ್ಕೆ 2016ರಲ್ಲಿ ಸಂಗೊಳ್ಳಿ ರಾಯಣ್ಣನ ಹೆಸರು ಬಂತು, ಎಸ್‌ಬಿಸಿ ಎಂಬ ಕೋಡ್ ಮಾತ್ರ ಅಲುಗಲಿಲ್ಲ. ಎಂಜಿನ್ನಿನ ಹೆಸರು ಡಬ್ಲ್ಯುಎಪಿ-7. ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ಎ ಎಂದರೆ ಎಸಿ ವಿದ್ಯುತ್ತು, ಪಿ ಎಂದರೆ ಪ್ರಯಾಣಿಕರ ಗಾಡಿ ಎಳೆಯುವಂಥದ್ದು. ಒಂದೊಂದು ಅಕ್ಷರಕ್ಕೂ ಇಷ್ಟು ಹೊರೆ ಹೊರಿಸಿ ನಲಿಯುವವರಿಗೆ ಕಾಲೇಜು ಹುಡುಗನ 'ಒಎಂಜಿ' ಕಂಡರೆ ಮೈ ಉರಿಯುತ್ತದೆ. ಆ ಒಎಂಜಿಯೂ ಮೊಬೈಲಿನ ಕೂಸಲ್ಲ. ಬ್ರಿಟನ್ನಿನ ನೌಕಾಪಡೆಯ ಹಿರಿಯ ಅಧಿಕಾರಿ ಲಾರ್ಡ್ ಫಿಷರ್ 1917ರಲ್ಲಿ ವಿನ್‌ಸ್ಟನ್ ಚರ್ಚಿಲ್‌ಗೆ ಬರೆದ ಕಾಗದದಲ್ಲೇ ಅದಿದೆ. ಅದಕ್ಕೂ ಇನ್ನೂರು ವರ್ಷ ಹಿಂದೆ, 1710ರಲ್ಲಿ, ಜೊನಾಥನ್ ಸ್ವಿಫ್ಟ್ ಜನ ಪದಗಳ ಬಾಲ ಕತ್ತರಿಸುತ್ತಿದ್ದಾರೆಂದು ಪತ್ರಿಕೆಯಲ್ಲಿ ಗೋಳಾಡಿದ್ದ. ಅವನು ಹಳಿದ 'ಮಾಬ್' ಎಂಬ ಮೊಟಕು ಇಂದು ಯಾವ ಇಂಗ್ಲಿಷ್ ಮೇಷ್ಟ್ರಿಗೂ ಚುಚ್ಚುವುದಿಲ್ಲ.

ನಮ್ಮಲ್ಲೇನು ಕಡಿಮೆಯೆ? ಹಳೆಯ ಕಾಗದಗಳು ಶುರುವಾಗುತ್ತಿದ್ದದ್ದೇ 'ಉ.ಕು.ಸಾಂ.' ಎಂದು. ಲಗ್ನಪತ್ರಿಕೆಯಲ್ಲಿ ವರ 'ಚಿ.ರಾ.', ವಧು 'ಚಿ.ಸೌ.', ಕೊನೆಗೊಂದು 'ವಿ.ಸೂ.' ಕುವೆಂಪು, ಪುತಿನ, ಅನಕೃ, ತರಾಸು, ತೀನಂಶ್ರೀ ಎಂದು ತನ್ನ ದೊಡ್ಡ ಬರಹಗಾರರನ್ನೇ ಮೊಟಕು ಮಾಡಿ ಪ್ರೀತಿಸಿದ ನಾಡು ಇದು. 2013ರ ಜುಲೈನಲ್ಲಿ ನಿಂತುಹೋದ ತಂತಿ ಸೇವೆಯಲ್ಲಂತೂ ಶುಭಾಶಯಗಳಿಗೆ ನಂಬರು ಇದ್ದವು. ಅಂಚೆಕಚೇರಿಯಲ್ಲಿ ನಂಬರು ಬರೆದರಾಯಿತು, ಆ ಕಡೆ ಪೂರ್ತಿ ವಾಕ್ಯ ತಲುಪುತ್ತಿತ್ತು. ಪದಕ್ಕಿಷ್ಟು ಎಂದು ದುಡ್ಡು ಕೊಡುವಾಗ ಯಾರೂ ಭಾಷೆಯ ಶುದ್ಧಿಗೆಂದು ಹೆಚ್ಚಿಗೆ ಎರಡು ಪದ ಬರೆದವರಲ್ಲ.

ಮೊಬೈಲಿನ ಮೊಟಕಿಗೂ ಕಾರಣ ಅಂಥದ್ದೇ. 1985ರಲ್ಲಿ ಜರ್ಮನಿಯ ಎಂಜಿನಿಯರ್ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಟೈಪ್‌ರೈಟರಿನಲ್ಲಿ ಮನಸ್ಸಿಗೆ ಬಂದ ವಾಕ್ಯಗಳನ್ನು ಹೊಡೆದು, ಅಕ್ಷರ ಎಣಿಸಿ, 160 ಇದ್ದರೆ ಸಾಕು ಎಂದು ನಿರ್ಧರಿಸಿದ. ಎಸ್‌ಎಂಎಸ್‌ನ ಮಿತಿ ಅದಾಯಿತು. ಆದರೆ ಈ 160 ಇಂಗ್ಲಿಷಿನಂಥ ಲಿಪಿಗಳಿಗೆ. ಕನ್ನಡ ಲಿಪಿಯಲ್ಲಿ ಕಳಿಸಹೋದರೆ ಒಂದೊಂದು ಅಕ್ಷರಕ್ಕೂ ಹೆಚ್ಚು ಜಾಗ ಬೇಕಾಗಿ ಮಿತಿ 70ಕ್ಕೆ ಇಳಿಯುತ್ತಿತ್ತು. ಆ ಎಪ್ಪತ್ತೂ ಹೆಸರಿಗಷ್ಟೇ. 'ಸ್ತ್ರೀ' ಎಂಬುದು ಕಣ್ಣಿಗೆ ಒಂದಕ್ಷರ, ಯಂತ್ರಕ್ಕೆ ಆರು: ಸ, ತ, ರ, ನಡುವೆ ಎರಡು ಹಲಂತ, ಮೇಲೊಂದು ದೀರ್ಘ. ಮೇಲಾಗಿ ಬಹಳ ಕಾಲ ಹ್ಯಾಂಡ್‌ಸೆಟ್ಟುಗಳಲ್ಲಿ ಕನ್ನಡ ಕೀಲಿಮಣೆಯೇ ಇರಲಿಲ್ಲ, ಇದ್ದರೂ ಆ ಕಡೆಯವರ ಫೋನಿನಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ಒಂದಿಡೀ ತಲೆಮಾರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯಲು ಕಲಿತದ್ದು ಹೀಗೆ. ಅದನ್ನು ಭಾಷಾದ್ರೋಹ ಎಂದವರು ಬಿಲ್ಲು ಕಟ್ಟುತ್ತಿದ್ದವರ ಜೇಬನ್ನು ನೋಡಲಿಲ್ಲ.

ಮೊಟಕು ಬರೆದರೆ ಬರವಣಿಗೆಯೇ ಕೆಡುತ್ತದೆ ಎಂಬ ಭಯ ಇಂಗ್ಲೆಂಡಿನಲ್ಲೂ ಜೋರಾಗಿತ್ತು. ಬಿಬಿಸಿಯ ಜಾನ್ ಹಂಫ್ರಿಸ್ 2007ರಲ್ಲಿ, ಮೆಸೇಜು ಬರೆಯುವವರು ಇಂಗ್ಲಿಷನ್ನು ಹಾಳುಗೆಡವುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಕಿಡಿಕಾರಿದರು. ಮರುವರ್ಷ ಭಾಷಾವಿಜ್ಞಾನಿ ಡೇವಿಡ್ ಕ್ರಿಸ್ಟಲ್ ಇಡೀ ಪುಸ್ತಕ ಬರೆದು ಈ ಗಾಬರಿಗೆ ಆಧಾರವಿಲ್ಲ ಎಂದರು. ಕವೆಂಟ್ರಿ ವಿಶ್ವವಿದ್ಯಾಲಯದ ಸಂಶೋಧಕರು ಹತ್ತು ಹನ್ನೆರಡರ ಮಕ್ಕಳನ್ನು ಪರೀಕ್ಷಿಸಿದಾಗ, ಮೊಟಕು ಹೆಚ್ಚು ಬಳಸುವ ಮಕ್ಕಳೇ ಓದಿನಲ್ಲಿ ಮುಂದಿದ್ದದ್ದು ಕಂಡಿತು. ಮೊಟಕು ಬಳಸಿದ್ದರಿಂದಲೇ ಓದು ಸುಧಾರಿಸಿತು ಎಂದು ಹೇಳಲಾಗದು. ಆದರೂ ಪದದ ಸದ್ದು ಗೊತ್ತಿಲ್ಲದವನು ಅದನ್ನು ಸರಿಯಾದ ಕಡೆ ಕತ್ತರಿಸಲಾರ ಎಂಬುದು ಒಪ್ಪುವ ಮಾತು.

ನನಗೆ ನಿಜಕ್ಕೂ ಸಿಟ್ಟು ಬರುವುದು ಎರಡನೆಯ ಬಗೆಯ ತಿದ್ದುವಿಕೆಯ ಮೇಲೆ. ಮಂಡ್ಯದ ಕಡೆಯವರು ಹಾಲನ್ನು 'ಆಲು' ಎಂದರೋ ಬರೆದರೋ ನಗೆ. ಹಕಾರ ಅಕಾರಗಳ ವ್ಯತ್ಯಾಸ ತಿಳಿಯದವರು ಎಂಬ ಕುಹಕ. ಹಳಗನ್ನಡದಲ್ಲಿ ಅದು 'ಪಾಲ್' ಆಗಿತ್ತು. ಪಕ್ಕಿ ಹಕ್ಕಿಯಾಯಿತು, ಪೋಗು ಹೋಗು ಆಯಿತು. ಹೀಗೆ ಪಕಾರ ಸಡಿಲಗೊಂಡು ಹಕಾರವಾದ ಕಾಲದಲ್ಲೂ ಯಾರೋ ಒಬ್ಬರು ಮೂಗು ಮುರಿದಿರಲೇಬೇಕು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞ ಬರುವ ಪದಗಳನ್ನು ಕೂಡಿಟ್ಟುಕೊಟ್ಟಿದ್ದಾನೆ. ಎಲ್ಲರ ಬಾಯಲ್ಲೂ ಆ ಸದ್ದು ಗಟ್ಟಿಯಾಗಿ ನಿಂತಿದ್ದರೆ ಪಟ್ಟಿಯ ಅಗತ್ಯ ಬೀಳುತ್ತಿರಲಿಲ್ಲ. ಪಟ್ಟಿ ಉಳಿಯಿತು, ಅಕ್ಷರ ಹೋಯಿತು. ಅದಿಲ್ಲದೆಯೂ ನಾವು ಮಳೆ, ಬಾಳೆ, ಏಳು ಎಂದು ಸುಖವಾಗಿದ್ದೇವೆ. ಹಕಾರ ನುಂಗುವವರನ್ನು ನೋಡಿ ನಗುವವರೂ ರೈಲ್ವೆಯನ್ನು ನೋಡಿ ನಗುವುದಿಲ್ಲ. ಹುಬ್ಬಳ್ಳಿಯ ನಿಲ್ದಾಣದ ಕೋಡ್ ಯುಬಿಎಲ್. ಅಲ್ಲಿ ಹಕಾರವೇ ಇಲ್ಲ!

ಹಾಗಾದರೆ ಹೇಗೆ ಬರೆದರೂ ನಡೆಯುತ್ತದೆಯೆ? ಇಲ್ಲ. ತಿದ್ದುವವರ ಕಡೆಯೂ ಒಂದು ಗಟ್ಟಿ ಮಾತಿದೆ, ಅವರೇ ಅದನ್ನು ಆಡುವುದಿಲ್ಲ ಅಷ್ಟೆ. ಬರೆಯುವವನು ಉಳಿಸಿಕೊಂಡ ಶ್ರಮ ಎಲ್ಲಿಗೂ ಹೋಗುವುದಿಲ್ಲ, ಓದುವವನ ತಲೆಗೆ ಬರುತ್ತದೆ. ಗೆಳೆಯನೊಬ್ಬನಿಗೆ ಅರ್ಧ ಪದ ಕಳಿಸಿದರೆ ಅವನು ಉಳಿದರ್ಧ ತುಂಬಿಕೊಳ್ಳುತ್ತಾನೆ, ನಾಳೆ ಅವನೂ ಹಾಗೇ ಕಳಿಸುತ್ತಾನೆ, ಲೆಕ್ಕ ಚುಕ್ತಾ. ಅದೇ ಬರಹ ಐನೂರು ಅಪರಿಚಿತರ ಮುಂದೆ ಬಿದ್ದರೆ, ಒಬ್ಬ ಉಳಿಸಿದ ಹತ್ತು ಸೆಕೆಂಡಿಗೆ ಐನೂರು ಜನ ತೆರಬೇಕು. ಊರಿಗೆ ಹೊಸದಾಗಿ ಬಂದು ಕನ್ನಡ ಕಲಿಯುತ್ತಿರುವವರಿಗೆ ಅದು ಅರ್ಥವಾಗದು. ಕಣ್ಣು ಕಾಣದವರ ಫೋನು ಓದಿ ಹೇಳುವಾಗ ಇಂಗ್ಲಿಷ್ ಅಕ್ಷರದ ಮೊಟಕು ಕನ್ನಡ ಬರೀ ಗಲಿಬಿಲಿ ಸದ್ದಾಗುತ್ತದೆ. ಮುಂದೊಂದು ದಿನ ಅದೇ ಮಾರ್ಗದ ಬಗ್ಗೆ ಹುಡುಕುವವರಿಗೆ ಅದು ಸಿಗುವುದೂ ಇಲ್ಲ. ಆದ್ದರಿಂದ ಹೆಚ್ಚು ಜನರಿಗೆ ಬರೆಯುವವನು ಹೆಚ್ಚು ಅಕ್ಷರ ಬರೆಯಬೇಕು ಎಂದು ಕೇಳುವುದು ನ್ಯಾಯವೇ. ಅದನ್ನು "ನಿಮ್ಮ ಎರಡನೇ ಸಾಲು ತಿಳಿಯಲಿಲ್ಲ, ಯಾವ ಸ್ಟಾಪು?" ಎಂದು ಕೇಳಬಹುದು. ಈ ಪ್ರಶ್ನೆ ಬಸ್ಸಿನ ಬಗ್ಗೆ ಇದೆ. "ಬರೆಯೋದು ಕಲೀರಿ" ಎಂಬುದು ಮನುಷ್ಯನ ಬಗ್ಗೆ ಇದೆ, ಅದನ್ನು ಹೇಳಿದವರು ಅರ್ಥವಾಗಿಯೇ ಹೇಳಿರುತ್ತಾರೆ.

ಇನ್ನು, ತಿದ್ದಲೇಬೇಕಾದ ವಾಕ್ಯಗಳು ತಿದ್ದುವವರ ಕಣ್ಣಿಗೆ ಬೀಳುವುದೇ ಇಲ್ಲ. "ಶನಿವಾರ ರಾತ್ರಿ 12.10ಕ್ಕೆ ರೈಲು" ಎಂಬ ಸಾಲನ್ನು ತೆಗೆದುಕೊಳ್ಳಿ. ಕಾಗುಣಿತ ಸರಿ, ವಿಭಕ್ತಿ ಸರಿ, ಮೊಟಕಿಲ್ಲ. ರೈಲ್ವೆಯ ಲೆಕ್ಕದಲ್ಲಿ ಮಧ್ಯರಾತ್ರಿಗೆ ದಿನ ಬದಲಾಗುತ್ತದೆ. ನಮ್ಮ ಮಾತಿನಲ್ಲಿ ಮಲಗಿ ಏಳುವ ತನಕ ಶನಿವಾರವೇ. ಆ ಗಾಡಿಯ ಟಿಕೆಟ್ಟಿನ ಮೇಲೆ ಇರುವುದು ಭಾನುವಾರದ ತಾರೀಖು, ಸಮಯ 00.10. ಟಿಕೆಟ್ ನೋಡಿದವರು ಭಾನುವಾರ ರಾತ್ರಿ ಪೆಟ್ಟಿಗೆ ಹೊತ್ತು ಬಂದರೆ ಗಾಡಿ ಹೋಗಿ ಸುಮಾರು ಇಪ್ಪತ್ತನಾಲ್ಕು ಗಂಟೆಯಾಗಿರುತ್ತದೆ. "ಶನಿವಾರ ಊಟ ಮುಗಿಸಿ ಹೊರಟರೆ ಸಿಗುವ ರೈಲು, ಟಿಕೆಟ್ಟಿನಲ್ಲಿ ಭಾನುವಾರ ಅಂತ ಇರುತ್ತೆ" ಎಂದು ಒಬ್ಬ ಹಕಾರ ನುಂಗಿ, ಇಂಗ್ಲಿಷ್ ಅಕ್ಷರದಲ್ಲಿ, ಚುಕ್ಕಿ ಕೊಂಬಿಲ್ಲದೆ ಬರೆದು ತಿಳಿಸಿದನೆನ್ನಿ. ಅವನನ್ನು ನಂಬಿದವರು ಊರು ಸೇರುತ್ತಾರೆ.