ಆ ಹತ್ತು ವರ್ಷದ ಹಾಡುಗಳಲ್ಲಿ ನಮ್ಮ ಓಟು ಯಾವುದಕ್ಕೆ?

ಗೆಳೆಯರೇ, ಮೊನ್ನೆ ಮಾನೋಪಾಡಿನಲ್ಲಿ ನಾವು ಏಳೆಂಟು ಮಂದಿ ಸೇರಿದ್ದು ಬೇರೆ ಕೆಲಸಕ್ಕೆ. ಕನ್ನಡ ಓದು-ಬರಹ ಕಲಿಯಲು ಮನಸ್ಸಿರುವ ಹುಡುಗ ಹುಡುಗಿಯರ ಪಟ್ಟಿ ಮಾಡೋಣ ಅಂತ ಕೂತಿದ್ದೆವು. ಪಟ್ಟಿ ಅರ್ಧಕ್ಕೇ ನಿಂತಿತು. ಒಬ್ಬನ ಫೋನ್ ರಿಂಗಾಯಿತು, ‘ಮುಂಗಾರು ಮಳೆ’ಯ ಹಾಡು. “ಇನ್ನೂ ಇದನ್ನೇ ಇಟ್ಕೊಂಡಿದ್ದೀಯೇನಲೇ?” ಅಂತ ಇನ್ನೊಬ್ಬ ಕಿಚಾಯಿಸಿದ. “ಇದಕ್ಕಿಂತ ಚಲೋ ಯಾವುದು ಬಂದೈತಿ, ಹೇಳು ನೋಡೋಣ” ಅಂದ ಇವನು. ಮುಗೀತು. ಚಹಾ ಎರಡು ಸುತ್ತು ಆಯ್ತು, ಜಗಳ ಮುಗಿಯಲಿಲ್ಲ.

ಆ ಜಗಳವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇವೆ. 2001ರಿಂದ 2010ರವರೆಗಿನ ಹತ್ತು ವರ್ಷದಲ್ಲಿ ಬಂದ ಕನ್ನಡ ಆಲ್ಬಂಗಳಲ್ಲಿ ಯಾವುದು ಮೇಲು? ಬೆಂಗಳೂರಿನವರ ಪಟ್ಟಿ ಅವರಿಗಿರಲಿ. ಗದ್ವಾಲ, ಮಕ್ತಲ್, ನಾರಾಯಣಪೇಟೆ ಕಡೆಯ ಕಿವಿಗಳ ಪಟ್ಟಿ ಯಾವುದು?

ನಮ್ಮ ಕಿವಿ ಯಾಕೆ ಬೇರೆ ಅಂತೀರಾ? ಒಂದು ಸಣ್ಣ ಚರಿತ್ರೆ ನೆನಪಿರಲಿ. 1956ರ ನವೆಂಬರ್ 1ರವರೆಗೆ ಆಲಂಪುರ, ಗದ್ವಾಲ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯ ಮರುವಿಂಗಡಣೆಯಾದಾಗ ರಾಯಚೂರು ಆ ಕಡೆ ಹೋಯಿತು, ನಾವು ಈ ಕಡೆ ಉಳಿದೆವು. ಶಾಲೆ ತೆಲುಗು ಆಯಿತು, ಆಫೀಸು ತೆಲುಗು ಆಯಿತು, ಬಸ್ಸಿನ ಬೋರ್ಡು ತೆಲುಗು ಆಯಿತು. ಮನೆಯೊಳಗಿನ ಮಾತು ಮಾತ್ರ ಕನ್ನಡವಾಗಿ ಉಳಿಯಿತು. ಇದರಲ್ಲಿ ತೆಲುಗಿನ ತಪ್ಪೇನೂ ಇಲ್ಲ. ತೆಲುಗು ನಮಗೆ ಅನ್ನ ಕೊಟ್ಟ ಭಾಷೆ, ನಮ್ಮ ಗೆಳೆಯರ ಭಾಷೆ. ಆದರೆ ಓದದ ಭಾಷೆ ಕಿವಿಯಲ್ಲೇ ಬದುಕಬೇಕಾಗುತ್ತದೆ. ಹಂಗಾಗಿ ಬೆಂಗಳೂರಿನ ಹುಡುಗನಿಗೆ ಸಿನಿಮಾ ಹಾಡು ಅಂದರೆ ಟೈಮ್ ಪಾಸ್. ನಮ್ಮಲ್ಲಿ ಬಹಳ ಜನಕ್ಕೆ ಮನೆ ಹೊಸ್ತಿಲಾಚೆ ಸಿಕ್ಕ ಕನ್ನಡವೆಲ್ಲ ಅಷ್ಟೇ.

ಆ ಹತ್ತು ವರ್ಷ ಹಾಡು ಹೇಗೆ ಬರುತ್ತಿತ್ತು, ನೆನಪು ಮಾಡ್ಕೊಳ್ಳಿ. ಶುರುವಿನಲ್ಲಿ ಕ್ಯಾಸೆಟ್. ಆಮೇಲೆ ನೂರು ಹಾಡು ತುಂಬಿದ ಎಂಪಿ3 ಸಿಡಿ. ಕೊನೆಗೆ ಮೆಮೊರಿ ಕಾರ್ಡ್. ಗದ್ವಾಲ-ರಾಯಚೂರು ರೈಲು ಆಗಿನ್ನೂ ಶುರುವಾಗಿರಲಿಲ್ಲ. ರಾಯಚೂರಿಗೆ ಮದುವೆ ಬಟ್ಟೆಗೋ ಆಸ್ಪತ್ರೆಗೋ ಹೋದವರು ಬರುವಾಗ ಹಾಡು ತರುತ್ತಿದ್ದರು. ಒಬ್ಬ ತಂದರೆ ಇಡೀ ಓಣಿಗೆ ಆಗುತ್ತಿತ್ತು.

ಜಗಳಕ್ಕೆ ಮೂರು ಕಟ್ಟಳೆ ಹಾಕಿಕೊಂಡೆವು. ಒಂದು, ಒಂದೇ ಹಾಡು ಹಿಟ್ ಆದರೆ ಸಾಲದು, ಆಲ್ಬಂ ಪೂರ್ತಿ ನಿಲ್ಲಬೇಕು. ಎರಡು, ಟ್ಯೂನ್ ಜೊತೆ ಮಾತಿಗೂ ತೂಕ ಇರಬೇಕು. ಮೂರು, ಕನ್ನಡ ಓದಲು ಬಾರದವರ ಬಾಯಲ್ಲೂ ಅದು ಇವತ್ತಿಗೂ ಉಳಿದಿರಬೇಕು. ಮೊದಲ ಪೆಟ್ಟು ಬಿದ್ದದ್ದು ಹಿರಿಯರೊಬ್ಬರಿಗೆ. ಅವರು ಗುರುಕಿರಣ್‌ರ ‘ಎ’, ‘ಉಪೇಂದ್ರ’ ಎರಡನ್ನೂ ತಂದಿಟ್ಟರು. ಅವು 1998, 1999ರವು. ಔಟ್!

ಮೊದಲ ಹುರಿಯಾಳು ‘ಜೋಗಿ’, 2005. ನಿರ್ದೇಶನ ಪ್ರೇಮ್, ಸಂಗೀತ ಗುರುಕಿರಣ್, ಶಿವರಾಜ್‌ಕುಮಾರ್ ಚಿತ್ರ. ಇದರ ಪರ ನಿಂತವರ ವಾದ ಗಟ್ಟಿ ಇತ್ತು. ಸಿನಿಮಾ ಅಂದರೆ ಮಾರುದೂರ ಇರುವ ಅಜ್ಜಿಯರೂ ಈ ಹಾಡಿಗೆ ತಲೆದೂಗಿದರು, ಯಾಕಂದರೆ ಇದರಲ್ಲಿ ಮನೆ ಬಾಗಿಲಿಗೆ ಬರುವ ಜೋಗಿಯ ಧಾಟಿ ಇತ್ತು, ತಾಯಿ-ಮಗನ ಸಂಕಟ ಇತ್ತು. ಇನ್ನೊಂದು ಮಾತು ಗಡಿಯವರಿಗೆ ಮಾತ್ರ ಗೊತ್ತಾಗುವಂಥದ್ದು. 2007ರಲ್ಲಿ ಇದೇ ಕತೆ ಪ್ರಭಾಸ್ ನಟಿಸಿದ ‘ಯೋಗಿ’ ಆಗಿ ತೆಲುಗಿನಲ್ಲಿ ಬಂತು. ನಾವು ಎರಡನ್ನೂ ನೋಡಿದವರು. ಕತೆ ಗಡಿ ದಾಟಿ ಬಂದರೂ ಜಾತ್ರೆಯಲ್ಲಿ, ಟ್ರ್ಯಾಕ್ಟರ್‌ನಲ್ಲಿ ನಮ್ಮ ಮನೆಯವರು ಹಾಕುತ್ತಿದ್ದದ್ದು ಕನ್ನಡದ ಹಾಡನ್ನೇ.

ಎರಡನೆಯದು ‘ಮುಂಗಾರು ಮಳೆ’. 2006ರ ಡಿಸೆಂಬರ್ ಕೊನೆಗೆ ತೆರೆಗೆ ಬಂದು, ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷಕ್ಕೂ ಮೀರಿ ಓಡಿದ ಚಿತ್ರ. ಯೋಗರಾಜ್ ಭಟ್ ನಿರ್ದೇಶನ, ಅಮೆರಿಕದಲ್ಲಿ ನೆಲೆಸಿದ್ದ ಮನೋಮೂರ್ತಿ ಸಂಗೀತ, ಗೋಕರ್ಣದ ಕಥೆಗಾರ ಜಯಂತ ಕಾಯ್ಕಿಣಿ ಮತ್ತು ಭಟ್ಟರ ಸಾಹಿತ್ಯ. ಇದೂ ‘ವಾನ’ ಅನ್ನುವ ಹೆಸರಲ್ಲಿ 2008ರಲ್ಲಿ ತೆಲುಗಿಗೆ ಹೋಯಿತು. ಕತೆ ಹೋಯಿತು, ಮಳೆಯೂ ಹೋಯಿತು. ಕಾಯ್ಕಿಣಿಯವರ ಮಾತು ಹೋಗಲಿಲ್ಲ, ಹೋಗಲು ಸಾಧ್ಯವೂ ಇರಲಿಲ್ಲ.

ಮೂರನೆಯದು ‘ದುನಿಯಾ’, 2007. ಸೂರಿಯವರ ಮೊದಲ ಸಿನಿಮಾ, ವಿ. ಮನೋಹರ್ ಸಂಗೀತ. ‘ಮುಂಗಾರು ಮಳೆ’ಯ ಅಬ್ಬರದ ನಡುವೆಯೇ ಬಂದು ತನ್ನ ಜಾಗ ಮಾಡಿಕೊಂಡದ್ದು. ನಮ್ಮೂರಿಂದ ಹೈದರಾಬಾದಿಗೋ ಬೆಂಗಳೂರಿಗೋ ಕಟ್ಟಡದ ಕೂಲಿಗೆ ಹೋದ ಅಣ್ಣಂದಿರಿಗೆ ಈ ಆಲ್ಬಂ ಬೇರೆ ಥರ ಕೇಳಿಸಿತು. ನಗರಕ್ಕೆ ಬಂದ ಬಡವನ ಚಿತ್ರ ಅದು, ನಮ್ಮ ಮನೆಯದ್ದೇ ಕತೆ.

ನಾಲ್ಕನೆಯದು ‘ಗಾಳಿಪಟ’, 2008, ವಿ. ಹರಿಕೃಷ್ಣ ಸಂಗೀತ. ಅವರದೇ ‘ಜಾಕಿ’ (2010) ಪರವೂ ಗಲಾಟೆ ಜೋರಿತ್ತು. ಅಪ್ಪು ಹೋದ ಮೇಲೆ ‘ಜಾಕಿ’ ಹಾಡು ಬಂದರೆ ಕುಣಿಯುವ ಕಾಲು ಒಮ್ಮೆ ನಿಂತು ಆಮೇಲೆ ಕುಣಿಯುತ್ತದೆ. ಆದರೆ ಪ್ರೀತಿಯೇ ಬೇರೆ, ಆಲ್ಬಂ ಲೆಕ್ಕವೇ ಬೇರೆ. ಅಭಿಮಾನಿಗಳು ಕ್ಷಮಿಸಿ.

ಐದನೆಯದು ಸಿನಿಮಾದ್ದಲ್ಲ. 2008ರಲ್ಲಿ ಬಂದ ರಘು ದೀಕ್ಷಿತ್‌ರ ಮೊದಲ ಆಲ್ಬಂ. ಅದರಲ್ಲಿ ಹಿಂದಿ ಹಾಡೂ ಇವೆ, ಜೊತೆಗೆ ಶಿಶುನಾಳ ಷರೀಫರ ಪದಗಳು ಗಿಟಾರ್ ಹಿಡಿದು ಬಂದಿವೆ. ‘ಇದು ಫ್ಯೂಷನ್, ನಮ್ಮದಲ್ಲ’ ಅಂತ ಒಬ್ಬರು ತಕರಾರು ತೆಗೆದರು. ಸ್ವಲ್ಪ ತಾಳ್ರಿ. ಷರೀಫರು ಹಾವೇರಿ ಸೀಮೆಯವರು. ಅವರ ಕನ್ನಡ ನಮ್ಮ ಅವ್ವನ ಕನ್ನಡಕ್ಕೆ ಬೆಂಗಳೂರು ಕನ್ನಡಕ್ಕಿಂತ ಹತ್ತಿರ. ಇದೇ ಕಾರಣಕ್ಕೆ ಸಿ. ಅಶ್ವತ್ಥ್ ಹಾಡಿದ ಷರೀಫರ ಪದಗಳು ನಮ್ಮ ಹಿರಿಯರ ಮನೆಯಲ್ಲಿ ಮೊದಲೇ ಇದ್ದವು. 2005ರಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ಅಶ್ವತ್ಥ್ ನಡೆಸಿದ ‘ಕನ್ನಡವೇ ಸತ್ಯ’ವನ್ನೂ ಪಟ್ಟಿಗೆ ಸೇರಿಸಿ ಅಂತ ಒತ್ತಾಯ ಬಂತು. ಅಲ್ಲಿ ಹಾಡಿದ್ದರಲ್ಲಿ ಹೆಚ್ಚಿನವು ಹಳೆಯ ಭಾವಗೀತೆಗಳೇ, ಈ ಹತ್ತು ವರ್ಷದ ಹೊಸ ಆಲ್ಬಂ ಅಲ್ಲ. ಕೈಮುಗಿದು ಪಕ್ಕಕ್ಕಿಟ್ಟೆವು.

ನಿಜವಾದ ಬಿಸಿ ಏರಿದ್ದು ಇಲ್ಲಿಂದ ಮುಂದೆ. ನಮ್ಮಲ್ಲೊಬ್ಬ ಕೇಳಿದ: “ಸೋನು ನಿಗಮ್, ಕುನಾಲ್ ಗಾಂಜಾವಾಲಾ, ಶ್ರೇಯಾ ಘೋಷಾಲ್. ಕನ್ನಡದವರಲ್ಲದವರ ಬಾಯಲ್ಲಿ ಬಂದ ಆಲ್ಬಂಗೆ ಕನ್ನಡದ ಮೊದಲ ಜಾಗ ಯಾಕೆ ಕೊಡಬೇಕು? ನಮ್ಮ ಗಾಯಕರೇನು ಸತ್ತಿದ್ರಾ?”

ಪ್ರಶ್ನೆ ಸಣ್ಣದಲ್ಲ. ಆ ದಶಕದಲ್ಲಿ ಕನ್ನಡದ ಗಾಯಕರಿಗೆ ಅವಕಾಶ ತಪ್ಪುತ್ತಿದೆ ಅನ್ನುವ ಕೊರಗು ಇತ್ತು, ಅದರಲ್ಲಿ ನ್ಯಾಯವೂ ಇತ್ತು. ಆದರೆ ಉಚ್ಚಾರಣೆಯ ಮಾತು ಬಂದಾಗ ನಾವು ಗಡಿಯವರು ಒಂದು ಕ್ಷಣ ನಿಲ್ಲಬೇಕು. ನಮ್ಮ ಹುಡುಗರು ಬೆಂಗಳೂರಿಗೆ ಹೋಗಿ ಬಾಯಿ ತೆರೆದ ಕೂಡಲೇ ಏನಾಗುತ್ತದೆ? “ನೀವು ತೆಲುಗಿನವರಾ?” ಅಂತ ಕೇಳುತ್ತಾರೆ. ಕನ್ನಡದಲ್ಲೇ ಮಾತಾಡುತ್ತಿದ್ದರೂ ಕೇಳುತ್ತಾರೆ. ಇಲ್ಲಿ ಶಾಲೆಯಲ್ಲಿ ನಮ್ಮ ತೆಲುಗು ಕೇಳಿ ‘ಕನ್ನಡದೋನು’ ಅಂತ ನಗುತ್ತಾರೆ. ಎರಡೂ ಕಡೆ ನಗೆಪಾಟಲು. ಹೊರಗಿನ ಗಾಯಕ ಕಷ್ಟಪಟ್ಟು ನಾಲ್ಕು ಸಾಲು ಕಲಿತು ಹಾಡಿದರೆ ಚಪ್ಪಾಳೆ, ನೂರಾರು ವರ್ಷದಿಂದ ಕನ್ನಡವನ್ನೇ ಆಡುತ್ತಾ ಬಂದ ಮನೆಯ ಹುಡುಗನಿಗೆ ನಗೆ! ಇದು ನ್ಯಾಯವಾ?

ಹಾಗಂತ ಆ ಗಾಯಕರ ಮೇಲೆ ಹೊಟ್ಟೆಕಿಚ್ಚು ಬೇಡ. ಅವರಿಗೆ ಸಿಕ್ಕ ಚಪ್ಪಾಳೆ ನಮಗೂ ಒಂದು ಪಾಠ. ಕನ್ನಡದ ಕಿವಿ ದೊಡ್ಡದು, ಬೇರೆ ಧಾಟಿಯನ್ನೂ ಅದು ಒಪ್ಪಬಲ್ಲದು ಅಂತ ಆ ಹಾಡುಗಳೇ ತೋರಿಸಿವೆ. ಹಾಗಿದ್ದ ಮೇಲೆ ಮಾನೋಪಾಡಿನ ಧಾಟಿಯನ್ನು ಯಾಕೆ ಒಪ್ಪಬಾರದು? ನಮ್ಮ ಕನ್ನಡದಲ್ಲಿ ತೆಲುಗಿನ ಗಾಳಿ ಇದೆ, ಇರಲಿ. ನಾಚಿಕೆ ಪಟ್ಟು ಬಾಯಿ ಮುಚ್ಚಿದರೆ ಮಾತ್ರ ನಷ್ಟ.

ಈಗ ತೀರ್ಪು. ನಮ್ಮ ಮೊದಲ ಓಟು ‘ಮುಂಗಾರು ಮಳೆ’ಗೆ. ಎರಡನೆಯದು ‘ಜೋಗಿ’, ಆಮೇಲೆ ರಘು ದೀಕ್ಷಿತ್, ‘ದುನಿಯಾ’, ‘ಗಾಳಿಪಟ’.

ಹೆಚ್ಚು ಓಡಿತು ಅನ್ನುವುದಕ್ಕೆ ಮೊದಲ ಸ್ಥಾನ ಕೊಟ್ಟದ್ದಲ್ಲ. ನಮ್ಮ ಕಾರಣ ಹೇಳುತ್ತೇವೆ. ಅದಕ್ಕೂ ಮೊದಲು ನಮ್ಮ ಓಣಿಯಲ್ಲಿ ಕನ್ನಡ ಯಾವುದಕ್ಕೆ ಬೇಕಿತ್ತು? ಊಟಕ್ಕೆ ಕರೆಯಲು, ಬೈಯಲು, ಜೋಗುಳಕ್ಕೆ, ಸಾವಿನ ಮನೆಯಲ್ಲಿ ಅಳಲು. ಪ್ರೀತಿ ಮಾಡಲು ತೆಲುಗು ಹಾಡು ಬೇಕಿತ್ತು, ಇಲ್ಲದಿದ್ದರೆ ಹಿಂದಿ. ಹದಿನೆಂಟರ ಹುಡುಗ ತನ್ನ ಮನಸ್ಸನ್ನು ಅವ್ವನ ಭಾಷೆಯಲ್ಲಿ ಹೇಳಲು ಸಂಕೋಚಪಡುತ್ತಿದ್ದ. ಅದು ಮುದುಕರ ಭಾಷೆ, ಅಡುಗೆಮನೆ ಭಾಷೆ ಅನ್ನಿಸುತ್ತಿತ್ತು. ‘ಮುಂಗಾರು ಮಳೆ’ ಬಂದ ಮೇಲೆ ಮೊದಲ ಸಲ ಕನ್ನಡ ವಯಸ್ಸಿನ ಭಾಷೆ ಆಯಿತು. ಕ್ಲಾಸಿನ ತೆಲುಗು ಗೆಳೆಯರೇ ಬಂದು “ಆ ಲೈನ್ ಅರ್ಥ ಏನೋ, ಹೇಳು” ಅಂತ ಕೇಳಿದರು. ಕನ್ನಡ ಗೊತ್ತಿರುವುದು ಮುಚ್ಚಿಡುವ ಸಂಗತಿ ಆಗಿದ್ದ ಜಾಗದಲ್ಲಿ, ಗೊತ್ತಿರುವವನಿಗೆ ಬೆಲೆ ಬಂತು.

‘ಜೋಗಿ’ ನಮ್ಮ ಹಿರಿಯರ ಕನ್ನಡವನ್ನು ಉಳಿಸಿಕೊಟ್ಟಿತು. ‘ಮುಂಗಾರು ಮಳೆ’ ಅದನ್ನು ಮುಂದಿನ ತಲೆಗೆ ದಾಟಿಸಿತು. ಭಾಷೆ ಬದುಕಲು ಎರಡೂ ಬೇಕು, ಆದರೆ ದಾಟದಿದ್ದರೆ ಕತೆ ಅಲ್ಲಿಗೇ ಮುಗೀತು. ಅದಕ್ಕೇ ಒಂದು ಕೂದಲೆಳೆ ಈ ಕಡೆ. ನಮ್ಮಲ್ಲೇ ಮೂವರು ಇನ್ನೂ ಒಪ್ಪಿಲ್ಲ, ‘ಜೋಗಿ’ ಅಂತಲೇ ಕೂತಿದ್ದಾರೆ. ಅವರ ಭಿನ್ನಮತ ಇಲ್ಲಿ ದಾಖಲಾಗಿರಲಿ.

ಕೊನೆಗೊಂದು ಮಾತು. ಆವತ್ತು ಜಗಳದ ನಡುವೆ ಒಬ್ಬಳು ತನ್ನ ಹಳೆಯ ನೋಟ್‌ಬುಕ್ ತಂದು ತೋರಿಸಿದಳು. ಕಾಲೇಜಿನಲ್ಲಿದ್ದಾಗ ‘ಮುಂಗಾರು ಮಳೆ’ಯ ಹಾಡುಗಳನ್ನೆಲ್ಲ ಕೇಳಿ ಕೇಳಿ ಬರೆದುಕೊಂಡಿದ್ದಳು. ಒಂದಕ್ಷರ ಬಿಡದೆ. ಪೂರ್ತಿ ತೆಲುಗು ಲಿಪಿಯಲ್ಲಿ. ನಾವೆಲ್ಲ ಮೊದಲು ನಕ್ಕೆವು, ಆಮೇಲೆ ಯಾರೂ ಮಾತಾಡಲಿಲ್ಲ. ಯಾಕಂದರೆ ಅಂಥ ನೋಟ್‌ಬುಕ್ ನಮ್ಮಲ್ಲಿ ಬಹಳ ಮಂದಿಯ ಮನೆಯಲ್ಲಿದೆ.

ಅದು ನಾಚಿಕೆಯ ನೋಟ್‌ಬುಕ್ ಅಲ್ಲ. ಲಿಪಿ ಕೊಡದಿದ್ದರೂ ಹುಡುಗಿ ಭಾಷೆಯನ್ನು ಕೈಬಿಡಲಿಲ್ಲ ಅನ್ನುವುದಕ್ಕೆ ಸಾಕ್ಷಿ. ಆದರೆ ಅಲ್ಲೇ ನಿಲ್ಲುವುದೂ ಬೇಡ. ಕನ್ನಡ, ತೆಲುಗು ಲಿಪಿಗಳು ಒಂದೇ ಹಳೆಯ ಲಿಪಿಯಿಂದ ಕವಲೊಡೆದ ಅಕ್ಕ-ತಂಗಿಯರು. ನಮ್ಮ ಆಲಂಪುರದ ಗುಡಿಗಳಲ್ಲಿರುವ ಹಳೆಯ ಶಾಸನಗಳ ಮುಂದೆ ನಿಂತರೆ ಆ ನೆಂಟಸ್ತಿಕೆ ಕಣ್ಣಿಗೇ ಕಾಣುತ್ತದೆ. ತೆಲುಗು ಓದುವವನಿಗೆ ಕನ್ನಡದ ಎಷ್ಟೋ ಅಕ್ಷರ ಈಗಾಗಲೇ ಗೊತ್ತು. ತಲಕಟ್ಟು ಬೇರೆ, ಕೆಲವು ಅಕ್ಷರ ಬೇರೆ, ಅಷ್ಟೇ. ಮನಸ್ಸಿಟ್ಟರೆ ಕೆಲವೇ ದಿನದ ಕೆಲಸ.

ಹಾಗಾಗಿ ನಿಮಗೊಂದು ಕೆಲಸ. ನಿಮ್ಮ ಮೊದಲ ಓಟು ಯಾವ ಆಲ್ಬಂಗೋ, ಅದರಲ್ಲಿ ಬಾಯಿಪಾಠ ಇರುವ ಒಂದು ಹಾಡು ಆರಿಸಿಕೊಳ್ಳಿ. ಒಂದು ಹಾಳೆಯಲ್ಲಿ ತೆಲುಗು ಲಿಪಿಯಲ್ಲಿ ಬರೆಯಿರಿ. ಪ್ರತಿ ಸಾಲಿನ ಕೆಳಗೆ ಅದೇ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಗೊತ್ತಿಲ್ಲದ ಅಕ್ಷರ ಬಂದರೆ ಕನ್ನಡ ಓದಿದವರನ್ನು ಕೇಳಿ, ಸಂಕೋಚ ಬೇಡ. ಹಾಡು ಹೇಗೂ ನಿಮಗೆ ಬರುತ್ತದೆ, ಅಕ್ಷರವೇ ಹಾಡನ್ನು ಹುಡುಕಿಕೊಂಡು ಬರುತ್ತದೆ.

ಮೊನ್ನೆ ಅರ್ಧಕ್ಕೆ ನಿಂತ ಪಟ್ಟಿಯನ್ನು ಜಗಳ ಮುಗಿದ ಮೇಲೆ ಪೂರ್ತಿ ಮಾಡಿದೆವು. ಮೊದಲ ಹೆಸರು ಆ ನೋಟ್‌ಬುಕ್ಕಿನ ಹುಡುಗಿಯದು. ತನ್ನ ಹೆಸರನ್ನು ತಾನೇ ಬರೆದಳು, ಕನ್ನಡದಲ್ಲಿ. ಒಂದು ಒತ್ತಕ್ಷರ ತಪ್ಪಿತ್ತು. ಯಾರೂ ನಗಲಿಲ್ಲ.