ಮಿಂಚಂಚೆಯ ಅಡಗುಕೋಣೆ

ಪರದೇಶದಲ್ಲಿರುವ ಮಗನು ಮನೆತನದ ವಂಶವೃಕ್ಷವನ್ನು ಬರೆದು ಮೈಸೂರಿನ ತಂದೆಯವರಿಗೆ ಇ-ಮೇಲ್ ಮೂಲಕ ಕಳುಹಿಸುತ್ತಾನೆ. ತಂದೆಯವರು ಅದನ್ನು ಅಂಚೆಯೊಳಗಿಂದಲೇ ತೆರೆದು, ತಮಗೆ ಮಾತ್ರ ನೆನಪಿರುವ ಮೂರು ತಲೆಮಾರಿನ ಹೆಸರುಗಳನ್ನು ಒಂದು ಸಂಜೆಯೆಲ್ಲ ಕುಳಿತು ಸೇರಿಸಿ, ‘ಸೇವ್’ ಒತ್ತಿ ಮುಚ್ಚುತ್ತಾರೆ. ಮರುದಿನ ಅದೇ ಅಂಚೆಯನ್ನು ತೆರೆದರೆ ಕಾಣುವುದು ಮಗನು ಕಳುಹಿಸಿದ ಹಳೆಯ ಪ್ರತಿ ಮಾತ್ರ. ಹಾಗಾದರೆ ಬರೆದುದೆಲ್ಲ ಎಲ್ಲಿಗೆ ಹೋಯಿತು?

ಪತ್ರದೊಡನೆ ಬರುವ ಲಗತ್ತು ಪತ್ರದ ಒಡಲಲ್ಲಿಯೇ ಅಕ್ಷರರಾಶಿಯಾಗಿ ಅಡಗಿರುತ್ತದೆ. 1992ರಲ್ಲಿ ಪ್ರಕಟವಾದ ‘ಮೈಮ್’ ಎಂಬ ನಿಯಮಾವಳಿಯು ಇದಕ್ಕೆ ಆಧಾರ. ನಾವು ಅದನ್ನು ತೆರೆದಾಗ ಬಹುಕಾಲದಿಂದ ಬಳಕೆಯಲ್ಲಿರುವ ‘ಕ್ಲಾಸಿಕ್ ಔಟ್‌ಲುಕ್’ ಅದರ ಪ್ರತಿಯೊಂದನ್ನು ಗುಪ್ತವಾದ ತಾತ್ಕಾಲಿಕ ಫೋಲ್ಡರಿನಲ್ಲಿಟ್ಟು ತೋರಿಸುತ್ತದೆ. ತಿದ್ದುಪಡಿಗಳು ಸೇರಿದ್ದು ಆ ಪ್ರತಿಗೆ, ಅಂಚೆಯಲ್ಲಿರುವ ಮೂಲಕ್ಕಲ್ಲ. ಈಚಿನ ಆವೃತ್ತಿಗಳು ‘ಓದಲು ಮಾತ್ರ’ ಎಂದು ಎಚ್ಚರಿಸುವುದುಂಟು, ಆದರೆ ಆ ಸೂಚನೆಯನ್ನು ಓದುವವರು ವಿರಳ.

ಮೊದಲು ವರ್ಡ್‌ನ ‘ರೀಸೆಂಟ್’ ಪಟ್ಟಿಯಲ್ಲಿ ಹುಡುಕುವುದು ಸುಲಭ. ಅಲ್ಲಿ ದೊರೆಯದಿದ್ದರೆ ವಿಂಡೋಸ್ ಕೀಲಿಯನ್ನೂ ‘ಆರ್’ ಅಕ್ಷರವನ್ನೂ ಒಟ್ಟಿಗೆ ಒತ್ತಿ, ಮೂಡಿದ ಚೌಕದಲ್ಲಿ ಶೇಕಡಾ ಚಿಹ್ನೆ, ‘ಲೋಕಲ್‌ಆ್ಯಪ್‌ಡೇಟಾ’ ಎಂಬ ಒಂದೇ ಪದ, ಮತ್ತೆ ಶೇಕಡಾ ಚಿಹ್ನೆಯನ್ನು ಇಂಗ್ಲಿಷಿನಲ್ಲಿ ಟೈಪಿಸಬೇಕು. ಅದರ ಮುಂದೆ ಹಿಂದಕ್ಕೆ ಬಾಗಿದ ಗೆರೆಗಳಿಂದ ಬೇರ್ಪಡಿಸಿ ‘ಮೈಕ್ರೋಸಾಫ್ಟ್’, ‘ವಿಂಡೋಸ್’, ‘ಐನೆಟ್‌ಕ್ಯಾಶ್’, ‘ಕಂಟೆಂಟ್.ಔಟ್‌ಲುಕ್’ ಎಂಬವುಗಳನ್ನು ಕ್ರಮವಾಗಿ ಸೇರಿಸಬೇಕು. (ವಿಂಡೋಸ್ 7ರಲ್ಲಿ ‘ಐನೆಟ್‌ಕ್ಯಾಶ್’ ಬದಲು ‘ಟೆಂಪರರಿ ಇಂಟರ್‌ನೆಟ್ ಫೈಲ್ಸ್’.) ಒಳಗೆ ಅರ್ಥವಿಲ್ಲದ ಅಕ್ಷರಗಳ ಹೆಸರುಳ್ಳ ಫೋಲ್ಡರೊಂದಿರುತ್ತದೆ, ಕಳೆದುಹೋದ ಸಂಜೆ ಅಲ್ಲಿರಬಹುದು. ಸಿಕ್ಕೊಡನೆ ಬೇರೆಡೆಗೆ ನಕಲು ಮಾಡಿಕೊಳ್ಳಬೇಕು.

ಇದರಲ್ಲಿ ವಿಳಂಬ ಸಲ್ಲದು. ಫ.ಗು. ಹಳಕಟ್ಟಿಯವರು ಸಂಗ್ರಹಿಸಿದ ವಚನಗಳ ಓಲೆಗರಿಗಳು ಮನೆಮಠಗಳಲ್ಲಿ ತಲೆತಲಾಂತರ ಕಾದಿದ್ದವು. ಈ ಕೋಣೆ ಹಾಗೆ ಕಾಯುವುದಿಲ್ಲ. ಔಟ್‌ಲುಕ್ಕನ್ನು ಕ್ರಮವಾಗಿ ಮುಚ್ಚಿದಾಗ ಪ್ರತಿಗಳು ಸಾಮಾನ್ಯವಾಗಿ ಅಳಿಸಿಹೋಗುತ್ತವೆ. ಕಡತವು ಇನ್ನೂ ತೆರೆದಿರುವಾಗಲೇ ಔಟ್‌ಲುಕ್ ಮುಚ್ಚಿದರೆ ಅಥವಾ ವಿದ್ಯುತ್ತು ಹೋಗಿ ಗಣಕ ನಿಂತರೆ ಮಾತ್ರ ಅವು ಉಳಿದುಬಿಡುತ್ತವೆ.

ಹೀಗೆ ಉಳಿಯುವುದು ಮನೆಯ ಗಣಕದಲ್ಲಾದರೆ ಲಾಭ, ಪರರ ಗಣಕದಲ್ಲಾದರೆ ಅಪಾಯ. ಸರಸ್ವತೀಪುರಂ, ಕುವೆಂಪುನಗರಗಳ ಝೆರಾಕ್ಸ್ ಅಂಗಡಿಗಳಲ್ಲಿ ನಾವು ಅಂಚೆ ತೆರೆದು ಮುದ್ರಿಸಿಕೊಳ್ಳುವುದು ಏನನ್ನು? ಮಗಳ ಭಾವಚಿತ್ರ, ಜನ್ಮದಿನಾಂಕ, ಸಂಬಳ, ಮನೆವಿಳಾಸಗಳೆಲ್ಲ ಇರುವ ವಧೂವರಾನ್ವೇಷಣೆಯ ಬಯೋಡೇಟಾ. ಜೊತೆಗೆ ಆಧಾರ್, ಬ್ಯಾಂಕಿನ ಲೆಕ್ಕಪಟ್ಟಿ. ಬ್ರೌಸರಿನಲ್ಲಿ ಜಿಮೇಲ್ ತೆರೆದವರಿಗೆ ಅಡಗುಕೋಣೆಯ ಮಾತಿಲ್ಲ. ಇಳಿಸಿಕೊಂಡ ಪ್ರತಿ ‘ಡೌನ್‌ಲೋಡ್ಸ್’ನಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತಿರುತ್ತದೆ. ಖಾತೆಯಿಂದ ಹೊರಬಂದರೂ ಅದು ಹೋಗದು. ಗುಪ್ತ ಕಿಟಕಿಯಲ್ಲಿ ಇಳಿಸಿಕೊಂಡರೂ ಹೋಗದು.

ಇ-ಆಧಾರಿಗೆ ಪಾಸ್‌ವರ್ಡ್ ಇದೆಯೆಂದು ಹಲವರು ನಿಶ್ಚಿಂತರಾಗಿರುತ್ತಾರೆ. ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು ಮತ್ತು ಹುಟ್ಟಿದ ವರ್ಷ. ಬಯೋಡೇಟಾವೂ ಪಕ್ಕದಲ್ಲೇ ಇದ್ದರೆ ಬೀಗದೊಡನೆ ಬೀಗದಕೈಯನ್ನೂ ಬಿಟ್ಟುಬಂದಂತಾಯಿತು! ಗುರುತಿಗಷ್ಟೇ ಬೇಕಾದೆಡೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಸಾಕು. ಬಯೋಡೇಟಾದಲ್ಲಿ ಮನೆವಿಳಾಸವನ್ನು ಮಾತುಕತೆ ಮುಂದುವರಿದ ಮೇಲೆ ಕೊಡುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಮುದ್ರಣ ಮುಗಿದ ಬಳಿಕ ‘ಡೌನ್‌ಲೋಡ್ಸ್’ ತೆರೆದು ತಮ್ಮ ಕಡತವನ್ನು ಆಯ್ದು ‘ಶಿಫ್ಟ್’ ಮತ್ತು ‘ಡಿಲೀಟ್’ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಬರಿಯ ‘ಡಿಲೀಟ್’ ಒತ್ತಿದರೆ ಅದು ‘ರೀಸೈಕಲ್ ಬಿನ್’ನಲ್ಲಿ ಉಳಿಯುತ್ತದೆ. ಅಷ್ಟು ಹೊತ್ತು ಹಿಂದಿನ ಇಬ್ಬರು ಗಿರಾಕಿಗಳು ಕಾದರೂ ಅಡ್ಡಿಯಿಲ್ಲ.