ಹಂಪಿ ಸೀರೀಸ್, ಭಾಗ 4: "ನಮ್ಮ ಹಂಪಿ ಹೇಳೋಕೆ ಫಾರಿನರ್ ಬೇಕಾ?"

ಮೊನ್ನೆ ಹಾಕಿದ ಸ್ಟೋರಿಗೆ ಬಂದ ರಿಪ್ಲೈಗಳಲ್ಲಿ ಅರ್ಧಕ್ಕರ್ಧ ಇದೇ ಮಾತು. ನೋಡದೇ ಇರೋರಿಗೆ: ಹಜಾರ ರಾಮ ದೇವಸ್ಥಾನದಲ್ಲಿ ವಯಸ್ಸಾದ ವಿದೇಶಿಯೊಬ್ಬರು ಒಂದಷ್ಟು ಜನರನ್ನ ಗೋಡೆ ಮುಂದೆ ನಿಲ್ಲಿಸಿಕೊಂಡು, ಕೆತ್ತನೆ ಒಂದೊಂದೇ ಸಾಲು ವಿವರಿಸ್ತಿದ್ದ ವಿಡಿಯೋ ಅದು.

ಸರಿ, ಬೇಕಾ? ಅದಕ್ಕೆ ಮುಂಚೆ ಅವತ್ತು ಬೆಳಿಗ್ಗೆ ನಡೆದದ್ದು ನೆನಪಿಸ್ಕೊಳ್ಳಿ. "ಕನ್ನಡದಲ್ಲೇ ಎಲ್ಲಾ ಹೇಳ್ತೀನಿ ಬನ್ನಿ" ಅಂತ ಒಬ್ಬ ಲೋಕಲ್ ಗೈಡ್ ಅಣ್ಣ ನಮ್ಮ ಹಿಂದೇನೇ ಬಂದ್ರು. "ಬೇಡಣ್ಣ, ಗೂಗಲ್ ಇದೆ" ಅಂದಿದ್ದು ಯಾರು? ನಾನೇ. ನೀವೆಲ್ಲ ನಕ್ಕಿದ್ರಿ. ಉಳಿಸಿದ ದುಡ್ಡಲ್ಲಿ ಹೊಸಪೇಟೆಯಲ್ಲಿ ಬಿರಿಯಾನಿ ಆಯ್ತು. ಕನ್ನಡದವನನ್ನ ಬೇಡ ಅಂದು ಮಧ್ಯಾಹ್ನ ಫಾರಿನರ್ ಮೇಲೆ ಸಿಟ್ಟು. ಬಿಕಾಂ ಓದ್ತಿದೀವಿ, ಈ ಲೆಕ್ಕ ಹೇಗೆ ಟ್ಯಾಲಿ ಆಗುತ್ತೆ ಹೇಳಿ.

ಈಗ ಸ್ವೈಪ್ ಮಾಡಿ. ಆ ಗೋಡೆ ಬಗ್ಗೆ ನಮಗೆ ಇಷ್ಟು ಗೊತ್ತಿರೋಕೆ ದೊಡ್ಡ ಕಾರಣ ಇಬ್ಬರು. ಆಸ್ಟ್ರೇಲಿಯಾದಲ್ಲಿ ಆರ್ಕಿಟೆಕ್ಚರ್ ಓದಿದ ಜಾರ್ಜ್ ಮಿಚೆಲ್, ಅಮೆರಿಕದ ಪುರಾತತ್ವಜ್ಞ ಜಾನ್ ಫ್ರಿಟ್ಜ್. ಕದ್ದು ಬಂದವರಲ್ಲ. 1980ರ ದಶಕದ ಶುರುವಿನಲ್ಲಿ ರಾಜ್ಯದ ಪುರಾತತ್ವ ಇಲಾಖೆ ನಿರ್ದೇಶಕರಾಗಿದ್ದ ಎಂ.ಎಸ್. ನಾಗರಾಜರಾವ್ ಅವರ ಪ್ರೋತ್ಸಾಹದಿಂದ ಕೆಲಸ ಶುರು ಮಾಡಿದವರು. ಆಮೇಲೆ ಸುಮಾರು 20 ವರ್ಷ, ಚಳಿಗಾಲ ಬಂತು ಅಂದ್ರೆ ಹಂಪಿಯಲ್ಲೇ ಕ್ಯಾಂಪ್. ನಮ್ಮ ದೇಶದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳೂ ಜೊತೆಗಿದ್ರು. ನಾವು ಬ್ಯಾಗ್ ಇಟ್ಟು ಕೂತ್ಕೊಳ್ಳೋ ಅಂಥ ಬಿದ್ದ ಗೋಡೆ, ಬಾಗಿಲು, ಹಳೇ ದಾರಿ, ಎಲ್ಲಾ ಟೇಪ್ ಹಿಡಿದು ಅಳೆದು ನಕ್ಷೆ ಬರೆದರು.

ಹಾಗೆ ಅಳೆದಿದ್ದಕ್ಕೇ ಒಂದು ವಿಷಯ ಗೊತ್ತಾಯ್ತು. ಹಜಾರ ರಾಮ ಅರಮನೆ ಪ್ರದೇಶದ ಮೂಲೆಯಲ್ಲಿರೋ ಒಂದು ಗುಡಿ ಅಲ್ಲ, ದಾರಿಗಳೆಲ್ಲ ಬಂದು ಸೇರೋ ಕೀಲು ಅದು. ಅಲ್ಲಿಂದ ಉತ್ತರಕ್ಕೆ ನೋಡಿದ್ರೆ ಮಾತಂಗ ಬೆಟ್ಟ. ಸನ್‌ರೈಸ್ ರೀಲ್‌ಗೆ ನಾವು ಹತ್ತಿದ್ವಲ್ಲ, ಅದೇ! ಗೋಡೆ ಹೊರಗಡೆ ಆನೆ, ಕುದುರೆ, ಸೈನಿಕರು, ನರ್ತಕಿಯರ ಮೆರವಣಿಗೆ, ಒಳಗಡೆ ರಾಮಾಯಣ. ನಾನು ಒರಗಿಕೊಂಡು ಪೋಸ್ ಕೊಟ್ಟಿದ್ದು ಆ ಆನೆಗಳ ಮೇಲೆ. (ಆ ಫೋಟೋ ಡಿಲೀಟ್ ಮಾಡಿದೀನಿ.)

ಅವರು ಹೇಳಿದ್ದೇ ವೇದವಾಕ್ಯ ಅಂತಿಲ್ಲ. ಪ್ರಶ್ನೆ ಮಾಡಿ. ಆದ್ರೆ ಪ್ರಶ್ನೆ ಮಾಡೋಕೆ ಓದಿರಬೇಕಲ್ವಾ? ಸಿಟ್ಟೇ ಬೇಕು ಅಂದ್ರೆ ಅವರ ಬರಹ ಹೆಚ್ಚಾಗಿ ಇಂಗ್ಲಿಷಲ್ಲೇ ಉಳೀತಲ್ಲ, ಅದಕ್ಕೆ ಪಡಿ. ಹಂಪಿಯಲ್ಲೇ 1991ರಿಂದ ಕನ್ನಡ ವಿಶ್ವವಿದ್ಯಾಲಯ ಇದೆ. ಅದರ ಪ್ರಸಾರಾಂಗದ ಒಂದಾದ್ರೂ ಪುಸ್ತಕ ತೆರೆದವರು ನಮ್ಮ ಕ್ಲಾಸಲ್ಲಿ ಯಾರಾದ್ರೂ ಇದ್ರೆ ಕಮೆಂಟ್ ಮಾಡಿ, ನಾನು ಸುಮ್ಮನಾಗ್ತೀನಿ.

2019ರಲ್ಲಿ ಹಂಪಿಯಲ್ಲಿ ಕಂಬ ತಳ್ಳಿ ಬೀಳಿಸಿದ ವಿಡಿಯೋ ಇದೇ ಆ್ಯಪಲ್ಲಿ ಓಡಾಡಿತ್ತು. ತಲಾ 70,000 ರೂಪಾಯಿ ದಂಡ ಬಿತ್ತು, ಕಂಬನೂ ಅವರ ಕೈಲೇ ನಿಲ್ಲಿಸಿದ್ರು. ತಳ್ಳಿದವರು ಫಾರಿನರ್ ಅಲ್ಲ.

ವಿಜಯನಗರ ಮೆಟ್ರೋದಲ್ಲಿ ಇಳೀತೀವಿ, ಹಂಪಿನಗರದಲ್ಲಿ ಮಲಗ್ತೀವಿ. ಅಡ್ರೆಸ್‌ನಲ್ಲೇ ಹಂಪಿ ಇದೆ ಗುರು.

ಡಿಸೆಂಬರ್‌ನಲ್ಲಿ ಮತ್ತೆ ಹೋಗೋ ಪ್ಲ್ಯಾನ್ ಇದೆ. ಈ ಸಲ ಬಸ್ ದುಡ್ಡಿನ ಜೊತೆ ಗೈಡ್ ದುಡ್ಡೂ ಮೊದಲೇ ಎತ್ತುತ್ತೀನಿ. ಬೇಡ ಅನ್ನೋರು ಈಗಲೇ ಡಿಎಂ ಮಾಡಿ, ಅಲ್ಲಿ ಬಂದು ಗೂಗಲ್ ಅನ್ನಬೇಡಿ.

#ಹಂಪಿ #ಹಜಾರರಾಮ #ಹಂಪಿನಗರ